ಹೆಸರುಪುಸ್ತಕ ಮತ್ತು ನಕ್ಷೆ: ಸಹಭಾಗಿ ನಕ್ಷಾರಚನೆಯನ್ನು ಗಡಿಯ ಕನ್ನಡದಿಂದ ಓದುವುದು

ಥಾಮಸ್ ಹಿಕಿ 1816ರಲ್ಲಿ ರಚಿಸಿದ ಕಾಲಿನ್ ಮೆಕೆಂಜಿಯ ತೈಲಚಿತ್ರವನ್ನು ದಕ್ಷಿಣ ಭಾರತದ ಚರಿತ್ರೆಯನ್ನು ಓದಿದವರೆಲ್ಲ ಎಲ್ಲಾದರೂ ಒಮ್ಮೆ ನೋಡಿರುತ್ತಾರೆ. ಕೆಂಪು ಸಮವಸ್ತ್ರ ತೊಟ್ಟ ಮೆಕೆಂಜಿಯ ಸುತ್ತ ಮೂವರು ಭಾರತೀಯರು ನಿಂತಿದ್ದಾರೆ. ಒಬ್ಬನ ಕೈಯಲ್ಲಿ ದೂರದರ್ಶಕ, ಇನ್ನೊಬ್ಬರ ಕೈಯಲ್ಲಿ ಓಲೆಗರಿ. ಬಹಳ ದೂರದಲ್ಲಿ, ಬೆಟ್ಟದ ಮೇಲೆ, ಗೊಮ್ಮಟ. ಆ ಮೂವರನ್ನು ಜೈನ ಪಂಡಿತ ಧರ್ಮಯ್ಯ, ಕಾವಲಿ ವೆಂಕಟ ಲಕ್ಷ್ಮಯ್ಯ ಮತ್ತು ಕಿಸ್ತ್ನಾಜಿ ಎಂಬ ಜವಾನ ಎಂದು ವಿದ್ವಾಂಸರು ಗುರುತಿಸುತ್ತಾರೆ. ಟಿಪ್ಪುವಿನ ಪತನದ ಬೆನ್ನಲ್ಲೇ ಆರಂಭವಾದ ಮೈಸೂರು ಮೋಜಣಿಯ ಫಲವಾಗಿ ಸಿದ್ಧವಾದ ನಕ್ಷೆಗಳನ್ನು ನಾವು ಇಂದಿಗೂ ‘ಮೆಕೆಂಜಿಯ ನಕ್ಷೆ’ಗಳೆಂದೇ ಕರೆಯುತ್ತೇವೆ. ಚಿತ್ರದಲ್ಲಿ ನಾಲ್ವರಿದ್ದಾರೆ, ನಕ್ಷೆಗೆ ಒಬ್ಬನ ಹೆಸರಿದೆ. ಈ ಕೆಲಸಕ್ಕೆ ದಾರಿ ಹಾಕಿಕೊಟ್ಟ ಕಾವಲಿ ವೆಂಕಟ ಬೋರಯ್ಯನಂತೂ ಚಿತ್ರ ಬರೆಯುವ ಹೊತ್ತಿಗೆ ತೀರಿಕೊಂಡು ಹದಿಮೂರು ವರ್ಷಗಳಾಗಿದ್ದವು.

ಸಹಭಾಗಿ ನಕ್ಷಾರಚನೆಯ ಕುರಿತ ಇತ್ತೀಚಿನ ಬರಹಗಳನ್ನು ಓದುವಾಗಲೆಲ್ಲ ನನಗೆ ಈ ಚಿತ್ರ ನೆನಪಾಗುತ್ತದೆ. ನಕ್ಷೆಯನ್ನು ಈವರೆಗೆ ಪ್ರಭುತ್ವವೊಂದೇ ರಚಿಸುತ್ತಿತ್ತು, ಈಗ ಜನರು ಕೂಡಿ ರಚಿಸುತ್ತಿದ್ದಾರೆ ಎಂಬುದು ಆ ಬರಹಗಳ ಸಾಮಾನ್ಯ ಧಾಟಿ. ಅದರ ಮೊದಲ ಅರ್ಧ ಅಷ್ಟು ನಿಜವಲ್ಲ. ಊರಿನ ಹೆಸರು ಏನೆಂದು, ತೊರೆಯನ್ನು ಎಲ್ಲಿ ದಾಟಬೇಕೆಂದು, ಎಲ್ಲೆಕಲ್ಲು ಯಾವುದೆಂದು ಊರವರು ಹೇಳದೆ ಯಾವ ಮೋಜಣಿದಾರನೂ ಒಂದು ಹಾಳೆಯನ್ನೂ ತುಂಬಿಸಲಾರ. ಮೆಕೆಂಜಿಯ ಸಹಾಯಕರು ಶಾನುಭೋಗರಿಂದಲೂ ಹಿರಿಯರಿಂದಲೂ ಬರೆಸಿಕೊಂಡ ಕೈಫಿಯತ್ತುಗಳು ಈ ಹೇಳಿಕೆಯ ದಾಖಲೆಗಳೇ ಆಗಿವೆ. ಎಂ. ಎಂ. ಕಲಬುರ್ಗಿಯವರ ಸಂಪಾದನೆಯಿಂದಾಗಿ ಕನ್ನಡದ ಕೈಫಿಯತ್ತುಗಳು ನಮಗೆ ಓದಲು ಸಿಗುವಂತಾದವು. ‘ರಾಜಾವಳಿ ಕಥಾಸಾರ’ವನ್ನು ಬರೆದ ದೇವಚಂದ್ರನು ತಾಳವಾಡಿಗೆ ದೂರವಲ್ಲದ ಕನಕಗಿರಿಯವನು, ಅವನ ಕೃತಿಯ ಹಿಂದೆಯೂ ಮೆಕೆಂಜಿಯ ವಿಚಾರಣೆಯ ನೆನಪಿದೆ. ಹೀಗಾಗಿ ಸಹಭಾಗಿತ್ವ ಹೊಸದಲ್ಲ. ಸಹಭಾಗಿಗಳ ಮಾತು ಎಲ್ಲಿ ಉಳಿಯುತ್ತದೆ, ಎಲ್ಲಿ ಅಳಿಸಿಹೋಗುತ್ತದೆ ಎಂಬುದಷ್ಟೇ ಕಾಲದಿಂದ ಕಾಲಕ್ಕೆ ಬದಲಾಗುತ್ತದೆ. ಪ್ರಸ್ತುತ ಲೇಖನದ ಆಸಕ್ತಿ ಆ ಬದಲಾವಣೆಯಲ್ಲಿದೆ.

ನಕ್ಷೆಯನ್ನು ಪಠ್ಯವಾಗಿ ಓದುವುದನ್ನು ಜೆ. ಬಿ. ಹಾರ್ಲಿ 1989ರ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ ಕಲಿಸಿಕೊಟ್ಟರು. ಎರಡು ವರ್ಷಗಳ ಬಳಿಕ ಬೆನೆಡಿಕ್ಟ್ ಆಂಡರ್ಸನ್ ತಮ್ಮ ‘ಇಮ್ಯಾಜಿನ್ಡ್ ಕಮ್ಯುನಿಟೀಸ್’ನ ಪರಿಷ್ಕೃತ ಆವೃತ್ತಿಗೆ ಜನಗಣತಿ, ನಕ್ಷೆ, ವಸ್ತುಸಂಗ್ರಹಾಲಯಗಳ ಕುರಿತ ಅಧ್ಯಾಯವನ್ನು ಸೇರಿಸಿದರು. ಈ ಇಬ್ಬರನ್ನೂ ನಮ್ಮ ವಿಭಾಗಗಳಲ್ಲಿ ಸಾಕಷ್ಟು ಬೋಧಿಸಲಾಗಿದೆ, ಇಲ್ಲಿ ವಿಸ್ತರಿಸುವುದಿಲ್ಲ. ಆದರೆ ತೌಲನಿಕ ಸಾಹಿತ್ಯದ ವಿದ್ಯಾರ್ಥಿಯಾಗಿ ನನಗೆ ಅವರಿಬ್ಬರಿಗಿಂತ ಹೆಚ್ಚು ಕಲಿಸಿದ್ದು ಒಂದು ನಾಟಕ.

ಬ್ರಯನ್ ಫ್ರೀಲನ ‘ಟ್ರಾನ್ಸ್‌ಲೇಶನ್ಸ್’ 1980ರಲ್ಲಿ ಉತ್ತರ ಐರ್ಲೆಂಡಿನ ಡೆರಿ ನಗರದಲ್ಲಿ ಮೊದಲ ಪ್ರಯೋಗ ಕಂಡಿತು. ಕಥೆ ನಡೆಯುವುದು 1833ರಲ್ಲಿ, ಡೊನೆಗಾಲ್ ಪ್ರಾಂತದ ಒಂದು ಐರಿಷ್ ಭಾಷಿಕ ಹಳ್ಳಿಯಲ್ಲಿ. ಬ್ರಿಟಿಷ್ ಸೈನ್ಯದ ಮೋಜಣಿ ಇಲಾಖೆ ಊರಿಗೆ ಬಂದಿದೆ; ಊರಿನ ಮಗನೇ ಆದ ಓವೆನ್, ಯೋಲೆಂಡ್ ಎಂಬ ಇಂಗ್ಲಿಷ್ ಅಧಿಕಾರಿಯ ಜೊತೆ ಕುಳಿತು ಸ್ಥಳನಾಮಗಳನ್ನು ಇಂಗ್ಲಿಷಿಗೆ ‘ಪ್ರಮಾಣೀಕರಿಸುತ್ತಾನೆ’. ಇದು ಪಕ್ಕಾ ಸಹಭಾಗಿತ್ವ: ಇಬ್ಬರೂ ಸಜ್ಜನರು, ಇಬ್ಬರೂ ಶ್ರದ್ಧಾವಂತರು, ಯೋಲೆಂಡನಿಗಂತೂ ಐರಿಷ್ ಹೆಸರುಗಳೆಂದರೆ ಮೋಹ. ಒಂದು ಕವಲುದಾರಿಯ ಹೆಸರಿನ ಬಗ್ಗೆ ಇಬ್ಬರಿಗೂ ಚರ್ಚೆಯಾಗುತ್ತದೆ. ಅಲ್ಲೊಂದು ಬಾವಿಯಿತ್ತು, ಬಾವಿಗೆ ಬಿದ್ದು ಸತ್ತ ಒಬ್ಬ ಮುದುಕನಿದ್ದ, ಅವನ ಹೆಸರೇ ಸವೆದು ಈ ಹೆಸರಾಗಿದೆ. ಬಾವಿ ಎಂದೋ ಬತ್ತಿದೆ, ಕಥೆ ಓವೆನ್‌ಗೆ ಬಿಟ್ಟರೆ ಯಾರಿಗೂ ನೆನಪಿಲ್ಲ. ಹೆಸರನ್ನು ಉಳಿಸಬೇಕೇ? ವಿಚಿತ್ರವೆಂದರೆ ಉಳಿಸೋಣ ಎನ್ನುವವನು ಪರಕೀಯ. ಯಾಕೆ ಬೇಕು ಎಂದು ಕೇಳುವವನು ಊರಿನ ಮಗ.

ಈ ನಾಟಕಕ್ಕೆ ಫ್ರೀಲನಿಗೆ ಒದಗಿದ ಆಕರಗಳಲ್ಲಿ ಜೆ. ಎಚ್. ಆಂಡ್ರ್ಯೂಸ್ 1975ರಲ್ಲಿ ಪ್ರಕಟಿಸಿದ ‘ಎ ಪೇಪರ್ ಲ್ಯಾಂಡ್‌ಸ್ಕೇಪ್’ ಎಂಬ ಮೋಜಣಿಯ ಚರಿತ್ರೆಯೂ ಒಂದು. ನಾಟಕದಲ್ಲಿರುವಂತೆ ಮೋಜಣಿಯ ಸೈನಿಕರಿಗೆ ಜನರನ್ನು ಒಕ್ಕಲೆಬ್ಬಿಸುವ ಅಧಿಕಾರ ಇರಲಿಲ್ಲವೆಂದು ಆಮೇಲೆ ಅದೇ ಆಂಡ್ರ್ಯೂಸ್ ಆಕ್ಷೇಪಿಸಿದರು. ಆಕ್ಷೇಪ ಸರಿಯಾದದ್ದೇ. ಆದರೆ ನಾಟಕ ಬಿಟ್ಟುಬಿಟ್ಟಿರುವ ಮತ್ತೊಂದು ಸಂಗತಿ ನಮಗೆ ಹೆಚ್ಚು ಮುಖ್ಯ. 1830ರಲ್ಲಿ ಮೋಜಣಿಗೆ ಸೇರಿದ ಜಾನ್ ಒಡೊನೊವನ್ ಐರಿಷ್ ಭಾಷೆಯ ದೊಡ್ಡ ವಿದ್ವಾಂಸ. ಊರೂರು ತಿರುಗಿ, ಮುದುಕರನ್ನು ಮಾತನಾಡಿಸಿ, ಹಳೆಯ ದಾಖಲೆಗಳನ್ನು ಒರೆಗೆ ಹಚ್ಚಿ ಪ್ರತಿಯೊಂದು ಹೆಸರಿನ ಮೂಲರೂಪವನ್ನು ಹುಡುಕಿದವನು. ಅವನೂ ಅವನ ಸಂಗಡಿಗರೂ ಬಳಸುತ್ತಿದ್ದುದು ‘ಹೆಸರುಪುಸ್ತಕ’ಗಳನ್ನು. ಅದರಲ್ಲಿ ಒಂದು ಊರಿಗೆ ಪ್ರಚಲಿತವಿದ್ದ ನಾನಾ ಕಾಗುಣಿತಗಳು, ಯಾವ ರೂಪಕ್ಕೆ ಯಾರು ಆಧಾರ ಎಂಬ ವಿವರ, ಐರಿಷ್ ರೂಪ, ಕೊನೆಗೆ ನಕ್ಷೆಗೆ ಹೋಗಬೇಕಾದ ಒಂದೇ ಒಂದು ಇಂಗ್ಲಿಷ್ ರೂಪ ಇರುತ್ತಿದ್ದವು. ಭಿನ್ನಮತವೆಲ್ಲ ಹೆಸರುಪುಸ್ತಕದಲ್ಲಿ ಉಳಿಯಿತು; ನಕ್ಷೆಗೆ ಹೋದದ್ದು ತೀರ್ಪು ಮಾತ್ರ. ಜನರು ಕಂಡದ್ದು ನಕ್ಷೆಯನ್ನು. ಹೆಸರುಪುಸ್ತಕಗಳು ಪತ್ರಾಗಾರ ಸೇರಿದವು.

ಹೆಸರುಪುಸ್ತಕಕ್ಕೂ ನಕ್ಷೆಗೂ ಇರುವ ಈ ಅಂತರವನ್ನು ಹಿಡಿದುಕೊಂಡು ಇಂದಿನ ಸಹಭಾಗಿ ನಕ್ಷೆಯನ್ನು ನೋಡಬೇಕೆಂಬುದು ನನ್ನ ವಾದ.

2004ರಲ್ಲಿ ಸ್ಟೀವ್ ಕೋಸ್ಟ್ ಇಂಗ್ಲೆಂಡಿನಲ್ಲಿ ಆರಂಭಿಸಿದ ಓಪನ್‌ಸ್ಟ್ರೀಟ್‌ಮ್ಯಾಪ್ ಯಾರು ಬೇಕಾದರೂ ತಿದ್ದಬಹುದಾದ ಜಗತ್ತಿನ ನಕ್ಷೆ. 2010ರ ಜನವರಿಯಲ್ಲಿ ಹೈಟಿ ಭೂಕಂಪಕ್ಕೆ ತುತ್ತಾದಾಗ, ದೂರದೇಶಗಳ ಸ್ವಯಂಸೇವಕರು ಉಪಗ್ರಹ ಚಿತ್ರಗಳನ್ನು ನೋಡಿ ಪೋರ್ಟ್ ಓ ಪ್ರಿನ್ಸ್‌ನ ಬೀದಿಗಳನ್ನು ಕೆಲವೇ ದಿನಗಳಲ್ಲಿ ಗುರುತಿಸಿದ್ದರಿಂದ ಅದರ ಕೀರ್ತಿ ಹಬ್ಬಿತು. ಇದು ಬಲ್ಲ ಸಂಗತಿ. ಅದರ ಒಳರಚನೆ ನಮ್ಮಲ್ಲಿ ಅಷ್ಟಾಗಿ ಚರ್ಚೆಯಾಗಿಲ್ಲ. ನಮ್ಮ ಕಣ್ಣಿಗೆ ಕಾಣುವ ನಕ್ಷೆಯ ಹಿಂದೆ ಒಂದು ದತ್ತಕೋಶವಿದೆ. ಅದರಲ್ಲಿ ಒಂದು ಊರಿಗೆ ಮುಖ್ಯ ಹೆಸರಿನ ಒಂದು ಅಂಕಣ. ಕನ್ನಡದ ಹೆಸರಿಗೆ, ಮಲಯಾಳದ ಹೆಸರಿಗೆ, ತುಳುವಿನ ಹೆಸರಿಗೆ ಬೇರೆ ಬೇರೆ ಅಂಕಣಗಳು. ಹಳೆಯ ಹೆಸರಿಗೆ, ಪರ್ಯಾಯ ಹೆಸರಿಗೆ ಮತ್ತೆ ಬೇರೆ. ಪ್ರತಿಯೊಂದು ತಿದ್ದುಪಡಿಗೂ ಆವೃತ್ತಿಸಂಖ್ಯೆ ಇದೆ. ಯಾವ ಖಾತೆಯಿಂದ, ಯಾವಾಗ, ಏನು ಟಿಪ್ಪಣಿಯೊಂದಿಗೆ ತಿದ್ದಲಾಯಿತು ಎಂಬ ಇತಿಹಾಸ ಎಲ್ಲರಿಗೂ ಓದಲು ಸಿಗುತ್ತದೆ. ಎಂದರೆ ಒಡೊನೊವನ್‌ನ ಹೆಸರುಪುಸ್ತಕ ಪತ್ರಾಗಾರದಿಂದ ಹೊರಬಂದು ನಕ್ಷೆಯ ಬೆನ್ನಿಗೇ ಅಂಟಿಕೊಂಡಿದೆ. ಸಹಭಾಗಿತ್ವದ ನಿಜವಾದ ಮೌಲ್ಯ ಇಲ್ಲಿದೆಯೇ ಹೊರತು, ಬಹಳ ಜನ ಕೂಡಿ ಕೆಲಸ ಮಾಡಿದರೆಂಬ ಸಂಖ್ಯೆಯಲ್ಲಿ ಇಲ್ಲ. ಬಹಳ ಜನ ಮೆಕೆಂಜಿಯ ಕಾಲದಲ್ಲೂ ಕೆಲಸ ಮಾಡಿದ್ದರು.

ಐರ್ಲೆಂಡಿನಲ್ಲೇ ಈ ಕಥೆಗೆ ಒಂದು ಮುಂದುವರಿಕೆ ಇದೆ. ಅಲ್ಲಿನ ಓಪನ್‌ಸ್ಟ್ರೀಟ್‌ಮ್ಯಾಪ್ ಸ್ವಯಂಸೇವಕರು ಹಕ್ಕುಸ್ವಾಮ್ಯದ ಅವಧಿ ಮುಗಿದ ಹಳೆಯ ನಕ್ಷೆಗಳನ್ನು ಆಧರಿಸಿ, ಅರವತ್ತು ಸಾವಿರಕ್ಕೂ ಮೀರಿದ ‘ಟೌನ್‌ಲ್ಯಾಂಡ್’ ಎಂಬ ಕಿರುಗ್ರಾಮ ಘಟಕಗಳ ಎಲ್ಲೆಗಳನ್ನು ವರ್ಷಗಟ್ಟಲೆ ಕುಳಿತು ಗುರುತಿಸಿದರು. ಸಾಮ್ರಾಜ್ಯದ ಗೆರೆಗಳ ಮೇಲೆಯೇ ಗೆರೆ ಎಳೆದು, ಐರಿಷ್ ಹೆಸರಿಗೂ ಒಂದು ಅಂಕಣ ಕೊಡುವ ಕೆಲಸ ಅದು. ಫ್ರೀಲ್ ಇದನ್ನು ಕಂಡಿದ್ದರೆ ಏನೆನ್ನುತ್ತಿದ್ದನೋ.

ಇನ್ನು ನಮ್ಮ ಗಡಿಗಳಿಗೆ ಬರೋಣ. ಫ್ರೀಲನ ನಾಟಕದಲ್ಲಿ ಹೆಸರನ್ನು ಬದಲಿಸಲು ಎರಡು ದಾರಿಗಳಿವೆ: ಅರ್ಥವನ್ನು ಅನುವಾದಿಸುವುದು, ಇಲ್ಲವೇ ಧ್ವನಿಯನ್ನು ಹೊಸ ಭಾಷೆಯ ಬಾಯಿಗೆ ಒಗ್ಗಿಸುವುದು. ಎರಡಕ್ಕೂ ನಮ್ಮಲ್ಲಿ ಉದಾಹರಣೆಗಳಿವೆ. ಕೆಳದಿಯ ನಾಯಕರು ಕಟ್ಟಿಸಿದ ಕೋಟೆಯಿಂದ ಹೆಸರು ಪಡೆದ ಹೊಸದುರ್ಗವು ಮಲಯಾಳದಲ್ಲಿ ಪುದಿಯಕೋಟ ಆಗುವುದು ಮೊದಲ ಬಗೆಯದು. ಅರ್ಥ ಹಾಗೆಯೇ ಇದೆ, ಭಾಷೆ ಹೋಗಿದೆ. ತಾಲೂಕಿನ ಹೆಸರಿನಲ್ಲಿ ಮಾತ್ರ ಹೊಸದುರ್ಗವೇ ಉಳಿದುಕೊಂಡಿರುವುದು ಆಡಳಿತದ ಮರೆವೋ ಔದಾರ್ಯವೋ ತಿಳಿಯದು. ಹೊಸೂರು ತಮಿಳಿನಲ್ಲಿ ಓಸೂರ್ ಆಗುವುದು ಎರಡನೆಯ ಬಗೆಯದು. ಅಲ್ಲಿ ಯಾರ ದುರುದ್ದೇಶವೂ ಇಲ್ಲ. ತಮಿಳು ಲಿಪಿಯಲ್ಲಿ ಹಕಾರಕ್ಕೆ ಸ್ವಂತ ಅಕ್ಷರವಿಲ್ಲ, ಅಷ್ಟೆ. ಆದರೆ ಹಕಾರದೊಂದಿಗೆ ‘ಹೊಸ’ ಎಂಬ ಪದವೂ, ‘ಹೊಸ ಊರು’ ಎಂಬ ಅರ್ಥವೂ ಜಾರಿಹೋಗುತ್ತವೆ. ಸೊಲ್ಲಾಪುರದ ಹಿಂದೆ ಸಿದ್ಧರಾಮನ ಸೊನ್ನಲಿಗೆ ಇದೆ, ಆದೋನಿಯ ಹಿಂದೆ ಆದವಾನಿ ಇದೆ. ಇವೆಲ್ಲಕ್ಕೂ ದತ್ತಕೋಶದಲ್ಲಿ ಜಾಗ ಇದೆ, ತುಂಬುವವರು ಬೇಕು.

2021ರ ಜೂನ್ ತಿಂಗಳಲ್ಲಿ ಕಾಸರಗೋಡಿನ ಹಲವು ಊರುಗಳ ಕನ್ನಡ ಹೆಸರುಗಳನ್ನು ಮಲಯಾಳೀಕರಿಸಲಾಗುತ್ತಿದೆ ಎಂಬ ಸುದ್ದಿ ಹಬ್ಬಿದ್ದು ಈ ಪತ್ರಿಕೆಯ ಓದುಗರಿಗೆ ನೆನಪಿರಬಹುದು. ಕರ್ನಾಟಕದ ನಾಯಕರು ಪತ್ರ ಬರೆದರು, ಕೇರಳ ಸರಕಾರ ಅಂತಹ ತೀರ್ಮಾನವೇನೂ ಇಲ್ಲವೆಂದಿತು, ಗದ್ದಲ ಇಳಿಯಿತು. ನನಗೆ ಆಗ ತೋರಿದ್ದು ಇಷ್ಟು: ಎರಡೂ ಕಡೆಯವರು ಹೆಸರೆಂದರೆ ಸರಕಾರ ಆದೇಶದ ಮೂಲಕ ಕೊಡುವ ಅಥವಾ ಕಿತ್ತುಕೊಳ್ಳುವ ವಸ್ತು ಎಂದೇ ಭಾವಿಸಿದ್ದರು. ಕುಂಬಳೆ ಕುಂಬಳ ಆಗಲು ಆದೇಶ ಬೇಕಾಗಿಲ್ಲ. ಬಸ್ಸಿನ ಫಲಕ, ಪಡಿತರ ಚೀಟಿ, ಶಾಲೆಯ ದಾಖಲಾತಿ ಪುಸ್ತಕ, ಕೈಫೋನಿನ ನಕ್ಷೆ ಸಾಕು.

ಸಹಭಾಗಿ ನಕ್ಷೆಯ ಒಂದು ಮೂಲನಿಯಮವನ್ನು ಈ ಹಿನ್ನೆಲೆಯಲ್ಲಿ ಪರೀಕ್ಷಿಸಬೇಕು. ವಿವಾದ ಬಂದಾಗ ‘ನೆಲದ ಮೇಲೆ ಇರುವುದನ್ನು ನಮೂದಿಸಿ’ ಎನ್ನುತ್ತದೆ ಓಪನ್‌ಸ್ಟ್ರೀಟ್‌ಮ್ಯಾಪ್. ಯಾವ ಸರಕಾರ ಏನನ್ನು ಹೇಳಿಕೊಳ್ಳುತ್ತದೆ ಎಂಬುದಕ್ಕಿಂತ ಸ್ಥಳಕ್ಕೆ ಹೋದವನಿಗೆ ಏನು ಕಾಣುತ್ತದೆ ಎಂಬುದು ಮುಖ್ಯ. ಕೇಳಲು ಇದು ಅತ್ಯಂತ ಪ್ರಜಾಸತ್ತಾತ್ಮಕ. ಆದರೆ ಹೆಸರುಗಳ ವಿಷಯದಲ್ಲಿ ನೆಲದ ಮೇಲೆ ‘ಕಾಣುವುದು’ ಏನು? ಫಲಕ. ಫಲಕ ಹಾಕುವವರು ಯಾರು? ಲೋಕೋಪಯೋಗಿ ಇಲಾಖೆ, ರೈಲ್ವೆ, ಪಂಚಾಯತು. ಹೀಗೆ ಪ್ರಭುತ್ವವನ್ನು ಮುಂಬಾಗಿಲಿನಿಂದ ಕಳುಹಿಸಿದ ನಿಯಮ ಅದನ್ನೇ ಹಿಂಬಾಗಿಲಿನಿಂದ ಒಳಗೆ ಬಿಟ್ಟುಕೊಳ್ಳುತ್ತದೆ. ಗಡಿಯ ಕನ್ನಡ ಬಹುಮಟ್ಟಿಗೆ ಕೇಳುವ ಭಾಷೆ. ಫಲಕದ ಮೇಲೆ ಅದಕ್ಕೆ ಜಾಗ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. ಜತ್ತದ ಹಳ್ಳಿಯ ಕಟ್ಟೆಯ ಮೇಲೆ, ಮಡಕಶಿರದ ಸಂತೆಯಲ್ಲಿ, ನೀಲಗಿರಿಯ ಹಟ್ಟಿಗಳಲ್ಲಿ ಹೆಸರು ಬದುಕಿರುವುದು ಬಾಯಲ್ಲಿ. ಕಣ್ಣಿನ ಸಾಕ್ಷ್ಯವನ್ನು ಮಾತ್ರ ನೆಲವೆಂದು ಕರೆದರೆ ಬಾಯಿಯ ಸಾಕ್ಷ್ಯ ಗಾಳಿಯಾಗಿಬಿಡುತ್ತದೆ.

ಬೇರೆಡೆ ಇದಕ್ಕೆ ಪರಿಹಾರಗಳನ್ನು ಕಂಡುಕೊಂಡಿದ್ದಾರೆ. ಬ್ರಸೆಲ್ಸ್‌ನಲ್ಲಿ ಮುಖ್ಯ ಹೆಸರಿನ ಅಂಕಣದಲ್ಲೇ ಫ್ರೆಂಚ್ ಮತ್ತು ಡಚ್ ರೂಪಗಳನ್ನು ಅಡ್ಡಗೆರೆಯಿಟ್ಟು ಒಟ್ಟಿಗೆ ಬರೆಯುತ್ತಾರೆ. ಇಟಲಿಯ ದಕ್ಷಿಣ ಟಿರೋಲ್‌ನಲ್ಲಿ ಬೊಲ್ಜಾನೊ ಮತ್ತು ಬೋಜೆನ್ ಜೊತೆಜೊತೆಯಾಗಿ ನಿಲ್ಲುತ್ತವೆ. ಆದರೆ ಅಲ್ಲೆಲ್ಲ ಎರಡು ಭಾಷೆಗಳಿಗೂ ಕಾನೂನಿನ ಮಾನ್ಯತೆ ಇದ್ದು, ಫಲಕವೇ ದ್ವಿಭಾಷಿಕವಾಗಿದೆ ಎಂಬುದನ್ನು ಮರೆಯಬಾರದು. ಭಾರತದಲ್ಲಿ ಮುಖ್ಯ ಹೆಸರನ್ನು ಸಾಮಾನ್ಯವಾಗಿ ರೋಮನ್ ಲಿಪಿಯಲ್ಲಿ ನಮೂದಿಸುವ ರೂಢಿ ಬೆಳೆದಿದೆ. ಯಾವ ಭಾಷೆ ಮೇಲೆ, ಯಾವುದು ಕೆಳಗೆ ಎಂಬ ಜಗಳವನ್ನು ಇದು ತಪ್ಪಿಸುತ್ತದೆ, ನಿಜ. ಆದರೆ ಇಂಗ್ಲಿಷ್ ಇಲ್ಲಿ ತಟಸ್ಥ ತೀರ್ಪುಗಾರನಲ್ಲ. ಕುಂಬಳೆ ರೋಮನ್ ಲಿಪಿಯಲ್ಲಿ ‘ಕುಂಬ್ಲ’ ಎಂದಾಗಿರುವುದನ್ನು ಒಂದು ಯಂತ್ರ ಎತ್ತಿಕೊಂಡು ಕನ್ನಡದ ಅಂಕಣಕ್ಕೆ ‘ಕುಂಬ್ಲಾ’ ಎಂದು ತುಂಬಿದರೆ, ಊರು ತನ್ನ ಸ್ವಂತ ಭಾಷೆಗೆ ಪರದೇಶಿಯಾಗಿ ಮರಳಿದಂತೆ. ಯಾಂತ್ರಿಕ ಲಿಪ್ಯಂತರದಿಂದ ಸಾವಿರಾರು ಅಂಕಣಗಳನ್ನು ಒಂದೇ ರಾತ್ರಿಯಲ್ಲಿ ತುಂಬಿಸುವ ಉತ್ಸಾಹಿಗಳಿಗೆ ನನ್ನ ವಿರೋಧ ಇರುವುದು ಇದಕ್ಕೇ. ಖಾಲಿ ಅಂಕಣ ‘ಯಾರೂ ಕೇಳಿಲ್ಲ’ ಎಂದು ಪ್ರಾಮಾಣಿಕವಾಗಿ ಹೇಳುತ್ತದೆ. ತಪ್ಪಾಗಿ ತುಂಬಿದ ಅಂಕಣ ಕೇಳಿದ್ದೇವೆಂದು ಸುಳ್ಳು ಹೇಳುತ್ತದೆ.

ಆದರೆ ತಪ್ಪು ಯಂತ್ರದಿಂದ ಮಾತ್ರ ಬರುವುದಿಲ್ಲ. ಕೆಲವು ವರ್ಷಗಳ ಹಿಂದೆ ಮಂಜೇಶ್ವರ ತಾಲೂಕಿನ ಒಂದಷ್ಟು ಊರುಗಳಿಗೆ ನಾನೇ ಕನ್ನಡದ ಹೆಸರುಗಳನ್ನು ಸೇರಿಸಿದ್ದೆ. ಹಳೆಯ ದಕ್ಷಿಣ ಕನ್ನಡ ಜಿಲ್ಲೆಯ ದಾಖಲೆಗಳನ್ನು ನೋಡಿ, ವ್ಯುತ್ಪತ್ತಿಯನ್ನು ಯೋಚಿಸಿ, ನನ್ನ ಮಟ್ಟಿಗೆ ಬಹಳ ಎಚ್ಚರದಿಂದ ಮಾಡಿದ ಕೆಲಸ. ಮುಂದೊಮ್ಮೆ ಆ ಕಡೆ ಹೋದಾಗ ಒಂದು ಅಂಗಡಿಯ ಜಗಲಿಯಲ್ಲಿ ಕುಳಿತಿದ್ದ ಹಿರಿಯರೊಬ್ಬರಿಗೆ ಕೈಫೋನಿನಲ್ಲಿ ನಕ್ಷೆಯನ್ನು ತೋರಿಸಿದೆ. ಅವರು ನಿಧಾನವಾಗಿ ಓದಿ, ‘ನೀವು ಬರೆದದ್ದು ಸರಿ ಇರಬಹುದು ಮಾರಾಯ್ರೆ, ಆದರೆ ಹೀಗೆ ಹೇಳಿದರೆ ಬಸ್ಸಿನವ ನಿಲ್ಲಿಸುವುದಿಲ್ಲ’ ಎಂದರು. ಅವರು ಬಳಸುತ್ತಿದ್ದ ಹೆಸರು ತುಳುವಿನದು. ನಾನು ‘ಶುದ್ಧ’ ಕನ್ನಡ ರೂಪವೆಂದು ದಾಖಲಿಸಿದ್ದು ಶಾನುಭೋಗರ ಲೆಕ್ಕದ ಪುಸ್ತಕದಲ್ಲಿ ಮಾತ್ರ ಇದ್ದದ್ದು. ಮಲಯಾಳದ ಅಧಿಕೃತ ರೂಪದ ವಿರುದ್ಧ ಹೋರಾಡುತ್ತಿದ್ದೇನೆಂದು ತಿಳಿದಿದ್ದ ನಾನು, ತುಳುವಿನ ಮಟ್ಟಿಗೆ ಇನ್ನೊಬ್ಬ ಓವೆನ್ ಆಗಿದ್ದೆ.

ಕಾಸರಗೋಡನ್ನು ಸಪ್ತಭಾಷಾ ಸಂಗಮ ಭೂಮಿ ಎಂದು ನಾವು ಸಭೆಗಳಲ್ಲಿ ಹೇಳುತ್ತಲೇ ಇರುತ್ತೇವೆ. ನಕ್ಷೆ ತುಂಬುವಾಗ ಈ ಮಾತಿನ ಬೆಲೆ ತೆರಬೇಕಾಗುತ್ತದೆ. ಗಡಿಯಾಚೆಯ ಮಂಗಳೂರನ್ನೇ ನೋಡಿ: ತುಳುವರಿಗೆ ಕುಡ್ಲ, ಕೊಂಕಣಿಗರಿಗೆ ಕೊಡಿಯಾಲ, ಬ್ಯಾರಿಗಳಿಗೆ ಮೈಕಾಲ, ಮಲಯಾಳಿಗಳಿಗೆ ಮಂಗಲಾಪುರಂ. ಅಲ್ಲಿ ಕನ್ನಡದ ರೂಪವೇ ಫಲಕದ ಮೇಲಿರುವುದರಿಂದ ಉಳಿದವುಗಳ ಬಗ್ಗೆ ನಾವು ಕನ್ನಡಿಗರು ಅಷ್ಟಾಗಿ ಚಿಂತಿಸಿಲ್ಲ. ಹೊಳೆಯ ಈ ದಡದಲ್ಲಿ ಅಲ್ಪಸಂಖ್ಯಾತರಾಗಿ ನಾವು ಕೇಳುವ ಹಕ್ಕನ್ನು ಆ ದಡದಲ್ಲಿ ಬಹುಸಂಖ್ಯಾತರಾಗಿ ಎಷ್ಟು ಕೊಟ್ಟಿದ್ದೇವೆ ಎಂಬ ಪ್ರಶ್ನೆ ಇರುಸುಮುರುಸಿನದು. ದತ್ತಕೋಶದ ಇತಿಹಾಸದ ಪುಟ ಅದನ್ನು ಮರೆಯಲು ಬಿಡುವುದಿಲ್ಲ. ನನ್ನ ತಪ್ಪು ಹೆಸರು ಅಲ್ಲಿ ಹಳೆಯ ಆವೃತ್ತಿಯಾಗಿ ಇಂದಿಗೂ ಇದೆ.

ಸಹಭಾಗಿಗಳು ಯಾರು ಎಂಬ ಪ್ರಶ್ನೆಯನ್ನೂ ಕೇಳದೆ ಬಿಡುವಂತಿಲ್ಲ. ಇಂದು ಆಪಲ್, ಮೆಟಾ, ಮೈಕ್ರೋಸಾಫ್ಟ್, ಅಮೆಜಾನ್‌ನಂತಹ ಸಂಸ್ಥೆಗಳ ಸಂಬಳದ ನೌಕರರು ಈ ನಕ್ಷೆಯನ್ನು ತಿದ್ದುತ್ತಾರೆ. ಅವರಿಗೆ ಬೇಕಾದುದು ವಾಹನ ಹೋಗುವ ದಾರಿ ಮತ್ತು ಸಾಮಾನು ತಲುಪಿಸುವ ವಿಳಾಸ. ಅದರಲ್ಲಿ ತಪ್ಪೇನಿಲ್ಲ, ಅಕ್ಕಲಕೋಟೆಯ ಹಳ್ಳಿಗೂ ರಸ್ತೆ ಬೇಕು. ಆದರೆ ಯಾವುದರ ಮೇಲೆ ದುಡ್ಡು ಹರಿಯುತ್ತದೋ ಅದು ಬೇಗ ತುಂಬುತ್ತದೆ, ಹೆಸರಿನ ಅಂಕಣ ಕಾಯುತ್ತದೆ. ಸರಕಾರಗಳೂ ಈಗ ಸಹಭಾಗಿಗಳೇ: 2018ರ ಪ್ರವಾಹದ ಅನುಭವದ ಬಳಿಕ ಕೇರಳ ‘ಮ್ಯಾಪಥಾನ್ ಕೇರಳಂ’ ಎಂಬ ಹೆಸರಿನಲ್ಲಿ ಓಪನ್‌ಸ್ಟ್ರೀಟ್‌ಮ್ಯಾಪನ್ನೇ ಬಳಸಿ ಜನರಿಂದ ನಕ್ಷೆ ಮಾಡಿಸುವ ಕಾರ್ಯಕ್ರಮ ಹಮ್ಮಿಕೊಂಡಿತು. ಶ್ಲಾಘನೀಯ ಕೆಲಸ. ಕರ್ನಾಟಕದ ಗಡಿ ಕುರಿತ ಸಂಸ್ಥೆಗಳು ಮನವಿಪತ್ರ ಬರೆಯುವ ಹೊತ್ತಿನಲ್ಲಿ ಇಂತಹದ್ದೊಂದನ್ನು ಯೋಚಿಸಬಹುದಿತ್ತು. 2021ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರ ಭೂದತ್ತಾಂಶದ ನಿಯಮಗಳನ್ನು ಸಡಿಲಿಸಿದ ಮೇಲಂತೂ ಅನುಮತಿಯ ನೆಪವನ್ನು ಮೊದಲಿನಂತೆ ಹೇಳುವ ಹಾಗಿಲ್ಲ.

ಸಹಭಾಗಿತ್ವದಲ್ಲಿ ಹಿಂದೆ ಸರಿಯುವ ಹಕ್ಕೂ ಸೇರಿದೆ ಎಂಬುದು ನನಗೆ ತಡವಾಗಿ ಹೊಳೆಯಿತು. 2012ರಲ್ಲಿ ಓಪನ್‌ಸ್ಟ್ರೀಟ್‌ಮ್ಯಾಪ್ ತನ್ನ ಪರವಾನಗಿಯನ್ನು ಬದಲಿಸಿದಾಗ, ಹೊಸ ಷರತ್ತಿಗೆ ಒಪ್ಪದವರ ಕೊಡುಗೆಗಳನ್ನು ನಕ್ಷೆಯಿಂದ ತೆಗೆದುಹಾಕಬೇಕಾಯಿತು. ಕೆಲವೆಡೆ ರಸ್ತೆಗಳೇ ಮಾಯವಾದವು. ನಷ್ಟವೇ ಸರಿ, ಆದರೆ ಕೊಟ್ಟವನನ್ನು ಕೇಳಿ ಇಟ್ಟುಕೊಳ್ಳುವ ಶಿಸ್ತು ಅದು. ಕಿಸ್ತ್ನಾಜಿಯನ್ನು ಯಾರೂ ಕೇಳಿರಲಿಲ್ಲ. ಆದರೆ ಖಾತೆ ತೆರೆದು ನಕ್ಷೆ ತುಂಬಿದವನಿಗೆ ಇರುವ ಈ ಹಕ್ಕು, ಜಗಲಿಯಲ್ಲಿ ಕುಳಿತು ಹೆಸರು ಹೇಳಿದವರಿಗೆ ಇಂದಿಗೂ ಇಲ್ಲ. ದತ್ತಕೋಶದಲ್ಲಿ ಉಳಿಯುವುದು ನನ್ನ ಖಾತೆಯ ಹೆಸರೇ ಹೊರತು ಅವರದ್ದಲ್ಲ. ‘ಸ್ಥಳೀಯರ ಹೇಳಿಕೆ’ ಎಂದು ಆಧಾರದ ಅಂಕಣದಲ್ಲಿ ಬರೆಯುವುದರಾಚೆ ಇದಕ್ಕೆ ನಾನಿನ್ನೂ ಉಪಾಯ ಕಂಡುಕೊಂಡಿಲ್ಲ.

ಅದೇ ಹಿರಿಯರು ಅಂದು ಸಂಜೆ ನನ್ನನ್ನು ಗುಡ್ಡದ ಬದಿಯವರೆಗೆ ಕರೆದುಕೊಂಡು ಹೋದರು. ದಾರಿಯುದ್ದಕ್ಕೂ ಕಟ್ಟೆ, ಕೆರೆ, ಪದವುಗಳ ಹೆಸರುಗಳನ್ನು ಒಂದೊಂದಾಗಿ ಹೇಳಿದರು, ನಾನು ಬರೆದುಕೊಂಡೆ. ಮರಗಳ ಗುಂಪೊಂದರ ಬಳಿ ಬಂದಾಗ ಅದು ದೈವದ ಜಾಗ ಎಂದು ಹೇಳಿ ಚಪ್ಪಲಿ ಬಿಟ್ಟರು. ಹೆಸರು ಕೇಳಿದ್ದಕ್ಕೆ ಹೇಳಿದರು, ಆದರೆ ಅದನ್ನು ಫೋನಿಗೆ ಹಾಕಬೇಡಿ ಎಂದರು. ಹಾಕಲಿಲ್ಲ. ಉಳಿದ ಹೆಸರುಗಳನ್ನು ತುಳುವಿನ ಅಂಕಣದಲ್ಲೂ, ಕನ್ನಡದಲ್ಲಿ ಹಾಗೆಯೇ ಹೇಳುವವರಿದ್ದರೆ ಕನ್ನಡದ ಅಂಕಣದಲ್ಲೂ ಸೇರಿಸಿದ್ದೇನೆ. ಮಲಯಾಳದ ಅಂಕಣಗಳನ್ನು ಆಮೇಲೆ ಬೇರೆ ಯಾರೋ ಬಂದು ತುಂಬಿದ್ದಾರೆ. ಒಂದು ಕಡೆ ನನ್ನ ಕಾಗುಣಿತದ ತಪ್ಪನ್ನೂ ತಿದ್ದಿದ್ದಾರೆ.